ಮಲ್ಕಮ್ಮನ ಸೆರಗಿನ ಚಾವಿ

ಆಳಂದದ ಬಸ್‌ಸ್ಟ್ಯಾಂಡ್ ಹಿಂದೆ ಸೀಟ್ ಕವರ್ ಹೊಲಿಯುವ ಲಾಡ್ಲೆಸಾಬನಿಗೆ ಮೋಟಾರು ಗಾಡಿಗಳ ವಿಷಯದಲ್ಲಿ ಗೊತ್ತಿಲ್ಲದ್ದು ಒಂದೇ ಒಂದು. ಅವನ್ನು ಓಡಿಸುವುದು ಹೇಗೆ ಎಂಬುದು. ಉಳಿದದ್ದೆಲ್ಲ ಬಾಯಿಪಾಠ. ಅಂಬಾಸಿಡರ್ ಕಾರಿನ ಮೂಲಪುರುಷ ವಿಲಾಯತಿನ ಮಾರಿಸ್ ಆಕ್ಸ್‌ಫರ್ಡ್, ನಾವು ಪದ್ಮಿನಿ ಎಂದು ಕರೆದು ಮುದ್ದು ಮಾಡಿದ್ದು ಅಸಲಿಗೆ ಇಟಲಿಯ ಫಿಯಟ್, ಇಂಥವೆಲ್ಲ ಅವನ ನಾಲಗೆಯ ತುದಿಯಲ್ಲಿದ್ದವು. ಟಂಟಂ ಆಟೋ ಓಡಿಸುವವರು ಹರಿದ ಸೀಟು ಹೊಲಿಸಲು ಬಂದರೆ ಹೊಲಿಗೆ ಮುಗಿಯುವುದರೊಳಗೆ ನೂರು ವರ್ಷದ ಇತಿಹಾಸ ಕೇಳಿ ಏಳಬೇಕಿತ್ತು. ಆಳಂದದಲ್ಲಿ ಎಷ್ಟೋ ಟಂಟಂಗಳು ಹರಿದ ಸೀಟಿನಲ್ಲೇ ಓಡಾಡುವುದಕ್ಕೆ ಬಡತನ ಕಾರಣವಲ್ಲವೆಂದು ಬಲ್ಲವರು ಹೇಳುತ್ತಾರೆ.

ಇಷ್ಟೆಲ್ಲ ತಿಳಿದ ಮನುಷ್ಯನಿಗೆ ‘ಗೊತ್ತಿಲ್ಲ’ ಎಂಬ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಯಾರು ಏನು ಕೇಳಿದರೂ ಮೊದಲು ‘ಗೊತ್ತದ’ ಎಂದುಬಿಡುವುದು, ಆಮೇಲೆ ಅದು ಏನೆಂದು ಯೋಚಿಸುವುದು, ಇದು ಅವನ ಪದ್ಧತಿ. ಇಂಥವನನ್ನು ವ್ಯಾನ್ ಕೊಳ್ಳಲು ಕಳಿಸಿದ್ದು ಹೆಂಡತಿ ಖುರ್ಷಿದಬೇಗಂ ತನ್ನ ಬಾಳಿನಲ್ಲಿ ಮಾಡಿದ ಎರಡನೆಯ ದೊಡ್ಡ ತಪ್ಪು. ಮೊದಲನೆಯದು ಯಾವುದೆಂದು ಆಕೆ ಬೇಕಾದವರಿಗೆ ಮಾತ್ರ ಹೇಳುತ್ತಾಳೆ.

ಖುರ್ಷಿದಬೇಗಂ ಮತ್ತು ಪಕ್ಕದ ಮನೆಯ ರಮಾಬಾಯಿ ಸೇರಿ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದರು. ಹಿಟ್ಟು ಖುರ್ಷಿದಳದು, ಒಲೆ ರಮಾಬಾಯಿಯದು, ಬಡಿಯುವ ಕೈ ಇಬ್ಬರದೂ. ಅವರ ರೊಟ್ಟಿಯ ಕೀರ್ತಿ ಹೇಗೋ ಕಡಗಂಚಿಯ ವಿಶ್ವವಿದ್ಯಾಲಯದ ತನಕ ಹೋಗಿ, ಅಲ್ಲಿಯ ಹಾಸ್ಟೆಲ್ ಮೆಸ್ಸಿನವರು ವರ್ಷವಿಡೀ ದಿನಾ ರೊಟ್ಟಿ ಕೊಡಿ ಎಂದಿದ್ದರು. ಆದರೆ ರೊಟ್ಟಿ ಸ್ವಂತ ಗಾಡಿಯಲ್ಲೇ ಬರಬೇಕು, ಯಾಕೆಂದರೆ ಹಿಂದಿನವರು ಬಸ್ಸಿನ ಟಾಪಿನ ಮೇಲೆ ಹಾಕಿ ಕಳಿಸಿ ಮಕ್ಕಳಿಗೆ ರೊಟ್ಟಿಯ ಪುಡಿ ತಿನ್ನಿಸಿದ್ದರು. ಸೋಮವಾರ ಬೆಳಿಗ್ಗೆ ಮೊದಲ ಬುಟ್ಟಿ ಮುಟ್ಟದಿದ್ದರೆ ಆರ್ಡರು ಬೇರೆಯವರಿಗೆ. ಇಬ್ಬರು ಹೆಂಗಸರೂ ಕೂಡಿಟ್ಟ ಹಣವನ್ನೆಲ್ಲ ಒಂದು ಚೀಲಕ್ಕೆ ಹಾಕಿ ಲಾಡ್ಲೆಸಾಬನ ಕೈಗೆ ಕೊಟ್ಟರು. ಮನೆಯಲ್ಲೇ ಇಂಥ ಪಂಡಿತ ಇರುವಾಗ ಹೊರಗಿನವರನ್ನು ಕೇಳುವುದೇಕೆ ಎಂಬುದು ರಮಾಬಾಯಿಯ ವಿಚಾರ.

“ಒಂದು ವ್ಯಾನ್ ತರ್ರಿ. ಇತಿಹಾಸ ತರಬ್ಯಾಡ್ರಿ,” ಎಂದಳು ಖುರ್ಷಿದಬೇಗಂ.

“ಗೊತ್ತದ,” ಎಂದ ಲಾಡ್ಲೆಸಾಬ.

ಶನಿವಾರ ಗೆಳೆಯ ಗುರುನಾಥನನ್ನು ಜೊತೆಗೆ ಕರೆದುಕೊಂಡು ಅಫಜಲಪುರಕ್ಕೆ ಹೊರಟ. ಗುರುನಾಥ ಇಪ್ಪತ್ತು ವರ್ಷದಿಂದ ಟಂಟಂ ಓಡಿಸುತ್ತಿದ್ದವನು. ಗಾಡಿಯ ಇತಿಹಾಸ ತಿಳಿಯದಿದ್ದರೂ ಗಾಡಿ ಓಡಿಸಲು ಬರುತ್ತಿದ್ದುದರಿಂದ ಅವನೂ ಬೇಕಾಗಿದ್ದ.

ಅಫಜಲಪುರದಲ್ಲಿ ಹಳೆಯ ಗಾಡಿ ಮಾರಿಸುವ ದಲಾಲಿ ಹುಲೆಪ್ಪನದು. ಹಿಂದೆ ಅವನು ಎತ್ತಿನ ದಲಾಲಿ. ಊರೂರಿಗೆ ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದಾಗ ಬೇರೆಯವರು ದಲಾಲಿ ಬಿಟ್ಟರು. ಹುಲೆಪ್ಪ ದಲಾಲಿ ಬಿಡಲಿಲ್ಲ, ಎತ್ತು ಬಿಟ್ಟ. ಅದೇ ಬೇವಿನ ಗಿಡ, ಅದೇ ಹೆಗಲ ಮೇಲಿನ ಟುವಾಲು, ಅದೇ ಮಾತು. ಗಾಡಿಯ ಬಾನೆಟ್ ಎತ್ತುವಾಗಲೂ ಅವನು ಹಲ್ಲು ನೋಡುವವನಂತೆಯೇ ಬಗ್ಗುತ್ತಿದ್ದ, ಟೈರಿಗೆ ಒದೆಯುವ ಬದಲು ಗೊರಸು ಸವರುವಂತೆ ಸವರುತ್ತಿದ್ದ. ಸುತ್ತಮುತ್ತಲಿನ ರೈತರಿಗೂ ಇದೇ ಸರಿ ಕಾಣುತ್ತಿತ್ತು. ಸಾಕಿದ್ದನ್ನು ಮಾರುವುದಕ್ಕೆ ಒಂದು ರೀತಿ ರಿವಾಜು ಬೇಡವೇ.

ಗಿಡದ ಕೆಳಗೆ ಒಂದು ಬಿಳಿ ಓಮ್ನಿ ನಿಂತಿತ್ತು. ಅದರ ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು ಅದರ ಒಡತಿ ಮಲ್ಕಮ್ಮ ಕುಳಿತಿದ್ದಳು. ಸೊನ್ನ ಎಂಬ ಊರಿನ ಕಡೆಯ ಮುದುಕಿ. ಕುಳಿತ ಭಂಗಿಯಲ್ಲೇ ಗಾಡಿ ಮಾರುವ ಮನಸ್ಸು ಅರ್ಧಕ್ಕರ್ಧ ಮಾತ್ರ ಇದೆಯೆಂದು ತಿಳಿಯುತ್ತಿತ್ತು.

ಲಾಡ್ಲೆಸಾಬ ಸುಮ್ಮನೆ ಇರಬಹುದಿತ್ತು. ಆದರೆ ಓಮ್ನಿಯ ಎದುರು ಬಾಯಿ ಮುಚ್ಚಿಕೊಂಡು ನಿಲ್ಲುವುದು ಅವನಿಂದಾಗದ ಕೆಲಸ.

“ಆಯಿ, ಈ ಗಾಡಿ ಹುಟ್ಟಿದಾಗ ಇದಕ್ಕ ಓಮ್ನಿ ಅಂತ ಹೆಸರಿರಲಿಲ್ರಿ. ಎಂಬತ್ನಾಕರಾಗ ಬಂದಾಗ ಬರೇ ಮಾರುತಿ ವ್ಯಾನ್. ನಾಕು ವರ್ಷ ಆದ ಮ್ಯಾಲ ಓಮ್ನಿ ಅಂತ ಹೆಸರಿಟ್ರು.”

“ನಾವು ಬೆಳ್ಳಿ ಅಂತೇವಿ,” ಎಂದಳು ಮಲ್ಕಮ್ಮ. ಇತಿಹಾಸ ಅಲ್ಲಿಗೆ ನಿಂತಿತು.

ಹುಲೆಪ್ಪ ಟುವಾಲು ಬಿಡಿಸಿ ತನ್ನ ಕೈ ಮೇಲೆ ಹಾಸಿಕೊಂಡ. ದನದ ಪೇಟೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟುವಾಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಹಿಡಿದು ಹೇಳುತ್ತಾರೆ. ಒಂದು ಬೆರಳಿಗೆ ಒಂದು ಅರ್ಥ, ಎರಡಕ್ಕೆ ಇನ್ನೊಂದು, ಬೆರಳ ಗಣ್ಣಿಗೆ ಮತ್ತೊಂದು.

“ಪದ್ಧತಿ ಗೊತ್ತದಲ್ರಿ ಸಾಬ?”

“ಗೊತ್ತದ,” ಎಂದು ಲಾಡ್ಲೆಸಾಬ ಕೈಯನ್ನು ಟುವಾಲಿನೊಳಗೆ ತೂರಿಸಿದ.

ಒಳಗೆ ಕತ್ತಲು. ಹುಲೆಪ್ಪನ ಒರಟು ಬೆರಳುಗಳು ಅವನ ಎರಡು ಬೆರಳು ಹಿಡಿದು ಅಮುಕಿದವು. ಸುತ್ತ ಹತ್ತಾರು ಜನ ಇವನ ಮುಖವನ್ನೇ ನೋಡುತ್ತಿದ್ದರು. ಲಾಡ್ಲೆಸಾಬ ತಡಮಾಡುವುದು ಮರ್ಯಾದೆಗೆ ಕಡಿಮೆ ಎಂದು ತಿಳಿದು, ತನ್ನ ಕೈಗೆ ಸಿಕ್ಕಷ್ಟು ಹುಲೆಪ್ಪನ ಬೆರಳುಗಳನ್ನು ಹಿಡಿದು ಗಟ್ಟಿಯಾಗಿ ಒತ್ತಿ, ಸ್ನೇಹದ ಗುರುತಿಗೆ ಎರಡು ಸಲ ಕುಲುಕಿದ. ಹುಲೆಪ್ಪನ ಹುಬ್ಬುಗಳು ಮೇಲೆ ಹೋಗಿ ಅಲ್ಲೇ ನಿಂತವು. ನಲವತ್ತು ವರ್ಷದ ದಲಾಲಿಯಲ್ಲಿ ಅವನು ಇಂಥದ್ದನ್ನು ಕಂಡಿರಲಿಲ್ಲ.

“ಆಯಿ,” ಎಂದ ಅವನು ನಿಧಾನವಾಗಿ, “ನೀ ಕೇಳಿದ್ದರಕಿಂತಾ ಮ್ಯಾಲ ಏರ್ಯಾರವಾ ಸಾಬರು. ತಾವೇ ಏರ್ಯಾರ.”

ಜನ ದಂಗಾದರು. ಮಲ್ಕಮ್ಮ ಎದ್ದು ನಿಂತು ಲಾಡ್ಲೆಸಾಬನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎಲ್ಲರಿಗಿಂತ ಹೆಚ್ಚು ದಂಗಾದವನು ಲಾಡ್ಲೆಸಾಬನೇ, ಆದರೆ ಪಂಡಿತನ ಮುಖದಲ್ಲಿ ಅದು ಗಾಂಭೀರ್ಯವಾಗಿ ಕಂಡಿತು. ಚೀಲದ ಬಾಯಿ ಬಿಚ್ಚಿ ಕೊಟ್ಟದ್ದಾಯಿತು. ಚೀಲ ತಿರುಗಿ ಬಂದಾಗ ಮಡಚಿ ಜೇಬಿಗೆ ಹಾಕುವಂತಿತ್ತು. ಇಷ್ಟು ತಿಳಿದವರಿಗೆ ಮುಂದಿನ ಪದ್ಧತಿಗಳನ್ನು ಬಿಡಿಸಿ ಹೇಳುವುದು ಅವರಿಗೆ ಅವಮಾನ ಮಾಡಿದಂತೆ ಎಂದು ಪೇಟೆಯವರು ಸುಮ್ಮನಾದರು. ಅನರ್ಥಕ್ಕೆ ಬೀಜ ಬಿದ್ದದ್ದು ಇಲ್ಲಿ.

ಕಾಗದಪತ್ರ ಕೈ ಬದಲಾದ ಮೇಲೆ ಮಲ್ಕಮ್ಮ ಗಾಡಿ ಹತ್ತಿ ಚಾವಿ ತಿರುವಿದಳು. ಇಂಜಿನ್ ಕೆಮ್ಮಿ ಚಾಲೂ ಆಯಿತು. ಹಳೆಯ ಗಾಡಿ, ಚಾವಿಯ ತೂತು ಸವೆದು ಸಡಿಲವಾಗಿತ್ತು. ಇಂಜಿನ್ ಓಡುತ್ತಿರುವಾಗಲೇ ಆಕೆ ಚಾವಿಯನ್ನು ಹೊರಗೆ ಎಳೆದಳು. ಎಳೆದು, ಸೆರಗಿನ ತುದಿಗೆ ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿಳಿದಳು.

“ಹೋಗಿ ಬರ್ರಿ. ಸಂಭಾಳಿಸಿಕೊಂಡು ಹೊಡ್ಕೊಂಡು ಹೋಗ್ರಿ.”

ಗುರುನಾಥ ಸ್ಟೇರಿಂಗ್ ಹಿಡಿದು ಕುಳಿತವನು ತಲೆ ಹೊರಗೆ ಹಾಕಿದ. “ಚಾವಿ ಕೊಡ್ರಿ ಆಯಿ.”

ಪೇಟೆಗೆ ಪೇಟೆಯೇ ಅವನನ್ನು ತಿರುಗಿ ನೋಡಿತು. ಹುಲೆಪ್ಪ ಕಿವಿ ಮುಟ್ಟಿಕೊಂಡ.

“ಏನ್ ಮಾತಾಡ್ತೀಯೋ ತಮ್ಮಾ? ದನ ಮಾರಿದ್ರ ಹಗ್ಗ ಕೊಡ್ತಾರೇನು? ಹಗ್ಗ ಮಾರಿದವರ ಮನ್ಯಾಗೇ ಉಳೀಬೇಕು. ಹಗ್ಗದ ಬೆನ್ನ ಹತ್ತಿ ಮನಿ ಲಕ್ಷ್ಮಿನೂ ಹೋಗ್ತಾಳ. ಕೊಂಡವರು ತಮ್ಮ ಹಗ್ಗ ತಾವು ತರಬೇಕು.”

“ಒಂದ್ಸಲ ನಮ್ಮತ್ತಿ ಎಮ್ಮಿ ಮಾರಿ ಮರತು ಹಗ್ಗ ಕೊಟ್ಟಿದ್ಲು,” ಎಂದಳು ಮಲ್ಕಮ್ಮ. “ಮೂರು ವರ್ಷ ಮನ್ಯಾಗ ಹಾಲು ಕಾಣಲಿಲ್ಲ.”

ಗುರುನಾಥ ಲಾಡ್ಲೆಸಾಬನ ಕಡೆ ನೋಡಿದ. ‘ಇದು ನನಗೆ ಗೊತ್ತಿರಲಿಲ್ಲ, ಚಾವಿ ಇಲ್ಲದೆ ಗಾಡಿ ಒಯ್ಯುವುದಿಲ್ಲ’ ಎಂದು ಹೇಳಲು ದೇವರು ಕೊಟ್ಟ ಗಳಿಗೆ ಅದು. ಲಾಡ್ಲೆಸಾಬ ಬಾಯಿ ತೆರೆದ.

“ಗೊತ್ತದ,” ಎಂದ. ಆಮೇಲೆ ಯೋಚನೆ ಬಂತು. “ಅಸಲಿಗೆ ಮೊದಲಿನ ಗಾಡಿಗೋಳಿಗೆ ಚಾವಿ ತಿರುವಿ ಚಾಲೂ ಮಾಡೋದೇ ಇರಲಿಲ್ಲ. ಮುಂದ ಹ್ಯಾಂಡಲ್ ಹಾಕಿ ತಿರುವತಿದ್ರು. ಚಾವಿ ಬಂದದ್ದು ಅಮೆರಿಕದಾಗ, ನಲವತ್ತೊಂಬತ್ತನೇ ಇಸವಿಗೆ.”

“ಕೇಳ್ರೆಪಾ,” ಎಂದ ಹುಲೆಪ್ಪ ಜನರಿಗೆ. “ತಿಳದವರು ಅಂದ್ರ ಹಿಂಗಿರಬೇಕು.”

ಈ ಸರ್ಟಿಫಿಕೇಟಿನ ಜೊತೆಗೆ ಚಾವಿಯಿಲ್ಲದ ಗಾಡಿ ಆಳಂದದ ದಾರಿ ಹಿಡಿಯಿತು. ಗುರುನಾಥ ಎಕ್ಸಿಲರೇಟರ್ ಮೇಲಿನ ಕಾಲು ತೆಗೆಯಲು ಹೆದರುತ್ತಿದ್ದ. ತೆಗೆದರೆ ಇಂಜಿನ್ ನಿಲ್ಲುವಂತೆ ನಡುಗುತ್ತಿತ್ತು, ನಿಂತರೆ ಮತ್ತೆ ಹುಟ್ಟುವ ಮಾತಿರಲಿಲ್ಲ. ದಾರಿಯಲ್ಲಿ ಗಾಣಗಾಪುರಕ್ಕೆ ಹೋಗುವ ಯಾತ್ರಿಕರು ಕೈ ಮಾಡಿದರು. ಗುರುನಾಥ ದತ್ತಾತ್ರೇಯನಿಗೆ ಕುಳಿತಲ್ಲಿಂದಲೇ ಕೈ ಮುಗಿದು, ಹೊಸ ಗಾಡಿಯ ಪೂಜೆಯನ್ನು ಮುಂದೆಂದಾದರೂ ಚಾವಿ ಇದ್ದ ದಿನ ಮಾಡಿಸುತ್ತೇನೆ ಎಂದು ಹರಕೆ ಹೊತ್ತ.

ಚೌಡಾಪುರದ ಸಮೀಪ ಪೆಟ್ರೋಲ್ ಮುಳ್ಳು ಕೆಳಗಿಳಿಯುತ್ತಿರುವುದು ಕಂಡು ಪಂಪಿಗೆ ತಿರುಗಿಸಿದರು. ಪಂಪಿನವನು ಪೈಪು ಹಿಡಿದು ಬಂದ.

“ಗಾಡಿ ಬಂದ್ ಮಾಡ್ರಿ.”

“ಬಂದ್ ಆಗಂಗಿಲ್ರಿ,” ಎಂದ ಗುರುನಾಥ.

“ಚಾಲೂ ಗಾಡಿಗೆ ಹಾಕಂಗಿಲ್ರಿ. ಹೋಗ್ಲಿ, ಟಾಕಿ ಮುಚ್ಚಳದ ಚಾವಿ ಕೊಡ್ರಿ.”

ಟಾಕಿಯ ಮುಚ್ಚಳಕ್ಕೂ ಬೀಗವಿದೆ, ಆ ಬೀಗಕ್ಕೂ ಅದೇ ಚಾವಿ ಎಂಬುದು ಲಾಡ್ಲೆಸಾಬನಿಗೆ ಹೊಳೆದದ್ದು ಆಗ. ಓಮ್ನಿಯ ಬಗ್ಗೆ ಅವನಿಗೆ ತಿಳಿಯದಿದ್ದ ಎರಡನೆಯ ಸಂಗತಿ ಇದು.

“ಚಾವಿ ಆಯಿ ಸೆರಗಿನ್ಯಾಗ ಅದ,” ಎಂದ.

ಪಂಪಿನವನು ಪೈಪನ್ನು ಮೆಲ್ಲಗೆ ತೂಗುಹಾಕಿ, ಅಲ್ಲೇ ಚಹಾ ಕುಡಿಯುತ್ತಿದ್ದ ಹವಾಲ್ದಾರ ಧರ್ಮರಾಜರಿಗೆ ಕಣ್ಸನ್ನೆ ಮಾಡಿದ. ಹವಾಲ್ದಾರರು ಬಂದು ನೋಡಿದರು. ಬಿಳಿ ಓಮ್ನಿ, ಒಳಗೆ ಬೆವರುತ್ತಿರುವ ಇಬ್ಬರು ಗಂಡಸರು, ಚಾವಿ ಇಲ್ಲ, ನಿಂತಲ್ಲೇ ಓಡಿಹೋಗಲು ತಯಾರಾದಂತೆ ಅರಚುತ್ತಿರುವ ಇಂಜಿನ್. ಅವರ ಕೈಯ ಚಹಾ ತಣ್ಣಗಾಯಿತು.

“ಇಳೀರಿ ಕೆಳಗ. ಇಂಜಿನ್ ಬಂದ್ ಮಾಡ್ರಿ ಮೊದಲ.”

“ಸಾಹೇಬ್ರ, ಕಾಲು ತೆಗದ್ರ ಸಾಯ್ತದರಿ,” ಎಂದ ಗುರುನಾಥ.

“ಯಾರು ಸಾಯ್ತಾರ?” ಹವಾಲ್ದಾರರು ಎರಡು ಹೆಜ್ಜೆ ಹಿಂದೆ ಸರಿದರು. “ಹಿಂದ ಯಾರದಾರ? ಬಾಗಲಾ ತೆಗೀರಿ.”

ಹಿಂದೆ ಒಂದು ಸ್ಟೆಪ್ನಿ ಮಾತ್ರ ಇತ್ತು. ಅದಕ್ಕೆ ಕೈಕಾಲು ಕಟ್ಟಿರಲಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಹವಾಲ್ದಾರರು ವಿಚಾರಣೆಗೆ ನಿಂತರು. ಲಾಡ್ಲೆಸಾಬ ಸಹಾಯ ಮಾಡಲು ಹೋದ.

“ಸಾಹೇಬ್ರ, ಸಿನಿಮಾದಾಗ ಮಂದಿನ್ನ ಎತ್ತಾಕಿಕೊಂಡು ಹೋಗಾಕ ಈ ಗಾಡಿನೇ ಯಾಕ ತೋರಸ್ತಾರ ಗೊತ್ತದೇನ್ರಿ? ಇದರ ಬಾಗಲಾ ಪಕ್ಕಕ್ಕ ಸರೀತದ. ಓಡೋ ಗಾಡ್ಯಾಗಿಂದ ಕೈ ಚಾಚಿ...”

“ಸಾಕ್ ಮಾಡ್ರಿ,” ಎಂದು ಗುರುನಾಥ ಹಲ್ಲು ಕಡಿದ. ಆದರೆ ಹವಾಲ್ದಾರರ ಮುಖ ಆಗಲೇ ಬದಲಾಗಿತ್ತು.

ಕಾಗದ ನೋಡಿ, ಹುಲೆಪ್ಪನಿಗೆ ಫೋನು ಹಚ್ಚಿ, ಹಗ್ಗದ ಪದ್ಧತಿಯನ್ನು ಸ್ಪೀಕರಿನಲ್ಲಿ ಪೂರ್ತಿ ಕೇಳಿದ ಮೇಲೆ ಧರ್ಮರಾಜರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಅವರೂ ದನ ಕಟ್ಟಿದ ಮನೆಯವರೇ. ತಪ್ಪು ಎಲ್ಲಿದೆ ಎಂದು ತೋರಿಸಲು ಅವರಿಗೂ ಆಗಲಿಲ್ಲ.

“ಪದ್ಧತಿ ಖರೆ ಅದ,” ಎಂದರು ಕೊನೆಗೆ. “ಕಾಯ್ದೆನೂ ಅದ. ಇವತ್ತು ಮನಿ ಮುಟ್ಟಿಸ್ರಿ. ಇನ್ನೊಮ್ಮೆ ಚಾವಿ ಇಲ್ದ, ವಾಯರ್ ಜೋಡಿಸಿ ಈ ಗಾಡಿ ರಸ್ತೆಗೆ ಬಂತಂದ್ರ ಕಳವಿನ ಗಾಡಿ ಅಂತ ಠಾಣೆಗೆ ಹಾಕ್ತೇನಿ. ಎಲ್ಲಾ ಕಡಿಗೂ ನಂಬರ್ ಕೊಟ್ಟಿರ್ತೇನಿ.”

ಸಂಜೆ ಗಾಡಿ ಆಳಂದದ ಓಣಿಗೆ ಬಂದಾಗ ಖುರ್ಷಿದಬೇಗಂ ನಿಂಬೆಹಣ್ಣು ಮೆಣಸಿನಕಾಯಿ ಹಿಡಿದು, ರಮಾಬಾಯಿ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಗಾಡಿ ಚೆಂದವಿತ್ತು. ಇಬ್ಬರ ಮುಖವೂ ಅರಳಿತು. ಆರತಿಯ ಹಾಡು ಇಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ.

“ಬಂದ್ ಮಾಡ್ರಿ ಇನ್ನ,” ಎಂದಳು ಖುರ್ಷಿದಬೇಗಂ.

ಲಾಡ್ಲೆಸಾಬ ಆಕಾಶ ನೋಡಿದ. ಗುರುನಾಥ ಸ್ಟೇರಿಂಗ್ ನೋಡಿದ. ಇನ್ನೊಂದು ಪಕ್ಕದ ಮನೆಯ ತಸ್ಲೀಮ ಹೊರಗೆ ಬಂದು, ಕೂಸು ಈಗ ಮಲಗಿದೆ, ಸ್ವಲ್ಪ ಬಂದ್ ಮಾಡಿ ಭಾಯ್ ಎಂದಳು. ಎದುರು ಮನೆಯವರು, ಗಾಡಿ ತಂದದ್ದು ಓಣಿಗೆಲ್ಲ ತಿಳೀತು, ಇನ್ನು ಸಾಕು ಎಂದರು. ಹೀಗೆ ಒಬ್ಬೊಬ್ಬರೂ ಕೇಳಿ ಕೇಳಿ ಕೊನೆಗೆ ವಿಷಯ ಗುರುನಾಥನ ಬಾಯಿಂದ ಹೊರಬಿತ್ತು. ಓಣಿಯ ಜನ ಚಾವಿಯ ತೂತಿನೊಳಗೆ ಸರದಿಯಂತೆ ಇಣುಕಿ ನೋಡಿದರು. ಒಳಗೆ ಏನೂ ಇರಲಿಲ್ಲ. ಅಷ್ಟರಲ್ಲಿ ಪೆಟ್ರೋಲ್ ತೀರಿ ಇಂಜಿನ್ ಎರಡು ಸಲ ಜಗ್ಗಿ ತಾನಾಗಿಯೇ ನಿಂತಿತು. ಓಣಿಯಲ್ಲಿ ಅಂಥ ನಿಶ್ಶಬ್ದವನ್ನು ಯಾರೂ ಕೇಳಿರಲಿಲ್ಲ.

“ಮುಚ್ಚಳಕ್ಕೂ ಬೀಗ ಅದ ಅಂತೀರಿ,” ಎಂದಳು ಖು‍ರ್ಷಿದಬೇಗಂ. ಆಕೆಯ ದನಿ ಸಣ್ಣಗಿತ್ತು, ಲಾಡ್ಲೆಸಾಬನಿಗೆ ಭಯವಾದದ್ದು ಅದಕ್ಕೇ.

“ಪೆಟ್ರೋಲಿನ ಮಾತು ಬಂದದ್ದಕ್ಕ ಹೇಳ್ತೇನಿ,” ಎಂದ ಅವನು ಗಾಬರಿಯಲ್ಲಿ. “ದುನಿಯಾದಾಗ ಮೊದಲನೇ ಸಲ ದೂರ ಗಾಡಿ ಹೊಡೆದಾಕಿ ಒಬ್ಬ ಹೆಣಮಗಳು. ಬರ್ತಾ ಬೆಂಝ್ ಅಂತ, ಜರ್ಮನಿಯಾಕಿ. ಆಗ ಪಂಪ್ ಎಲ್ಲಿದ್ವು? ಆಕಿ ಎಣ್ಣಿ ತಗೊಂಡದ್ದು ಔಷಧದ ಅಂಗಡ್ಯಾಗ.”

“ಹಂಗಾದ್ರ ಅಲ್ಲೇ ಹೋಗಿ ನನಗೊಂದು ತಲಿನೋವಿನ ಗುಳಿಗಿ ತರ್ರಿ,” ಎಂದಳು ಖುರ್ಷಿದಬೇಗಂ. ರಮಾಬಾಯಿ ಆರತಿ ತಟ್ಟೆ ಹಿಡಿದುಕೊಂಡೇ ಅಳಲು ಶುರುಮಾಡಿದಳು. ಕಟ್ಟೆಯ ಮೇಲೆ ಸೋಮವಾರದ ರೊಟ್ಟಿಗೆಂದು ಬೀಸಿ ತಂದ ಹಿಟ್ಟಿನ ಚೀಲಗಳು ಸಾಲಾಗಿ ನಿಂತಿದ್ದವು.

ಆಳಂದದ ಚಾವಿ ಮಾಡುವವನು ಮದುವೆಗೆಂದು ಉಮರ್ಗಾಕ್ಕೆ ಹೋಗಿದ್ದ. ಹಳೆಯ ಚಾವಿ ಮುಂದಿಟ್ಟರೆ ಮಾತ್ರ ಅದರಂಥದ್ದು ಇನ್ನೊಂದು ಮಾಡಲಾದೀತು ಎಂದು ಅವನು ಫೋನಿನಲ್ಲಿ ಹೇಳಿದ. ಮುಚ್ಚಳ ಒಡೆಯೋಣವೆಂದರೆ ಖುರ್ಷಿದಬೇಗಂ ಒಪ್ಪಲಿಲ್ಲ, ಒಡೆದರೂ ಹವಾಲ್ದಾರರ ಮಾತು ಇತ್ತು. ಭಾನುವಾರ ಬೆಳಿಗ್ಗೆ ಗಂಡಹೆಂಡಿರಿಬ್ಬರೂ ಬಸ್ಸು ಹತ್ತಿ ಸೊನ್ನದ ಕಡೆ ಹೊರಟರು. ದಾರಿಯುದ್ದಕ್ಕೂ ಆಕೆ ಕಿಟಕಿಯ ಹೊರಗೇ ನೋಡಿದಳು. ಲಾಡ್ಲೆಸಾಬ ಬಸ್ಸಿನ ಕಂಪನಿಯ ಇತಿಹಾಸವನ್ನು ಎರಡು ಸಲ ಶುರುಮಾಡಿ ಎರಡು ಸಲ ನುಂಗಿದ.

ಮಲ್ಕಮ್ಮ ಅಂಗಳದಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಳು. ಚಾವಿ ಸೆರಗಿನಲ್ಲೇ ಇತ್ತು. ಲಾಡ್ಲೆಸಾಬ ಕೈ ಮುಗಿದ.

“ಆಯಿ, ಒಂದ್ ತಾಸು ಕೊಡ್ರಿ. ಅಫಜಲಪುರದಾಗ ಇದರಂಗ ಇನ್ನೊಂದು ಚಾವಿ ಮಾಡಿಸಿ ನಿಮ್ಮದು ನಿಮಗ ಕೊಡ್ತೇನಿ.”

“ಹಗ್ಗದ ಎಳಿ ಬಿಚ್ಚಿ ಇನ್ನೊಂದು ಹಗ್ಗ ಹೊಸದ್ರ ಅದು ಬ್ಯಾರೆ ಹಗ್ಗ ಆಗ್ತದೇನು ಸಾಬ? ಪೇಟ್ಯಾಗ ಎಲ್ಲಾ ತಿಳದವರಂಗ ಮಾತಾಡಿದ್ರಿ. ಈಗ ಹಿಂಗ ಬಂದೀರಿ.”

ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ, ನಿಜವಾದ ಬೇಸರವಿತ್ತು. ತಿಳಿದವರೇ ಹೀಗೆ ಮಾಡಿದರೆ ಹೇಗೆ ಎಂಬ ಬೇಸರ. ಆಗ ಖುರ್ಷಿದಬೇಗಂ ಎಮ್ಮೆಯ ಮೈ ಸವರುತ್ತ ಕೇಳಿದಳು.

“ಅವ್ವಾ, ನೀವು ಮಾರಿದ ದನ ಕೊಂಡವರ ಮನಿಗೆ ಹೋಗಿ ಮೇವು ಮುಟ್ಟಲಿಲ್ಲ ಅಂದ್ರ ಏನ್ ಮಾಡ್ತೀರಿ?”

ಮಲ್ಕಮ್ಮನ ಕೈಯಲ್ಲಿದ್ದ ಜೋಳದ ಕಣಿಕೆ ಕೆಳಗೆ ಬಿತ್ತು. “ನಮ್ಮ ಮನಿ ದನ ಮೇವು ಬಿಟ್ಟದ ಅಂತ ಯಾರಂದ್ರು?”

“ನಿನ್ನಿ ಸಂಜಿಯಿಂದ ನಿಮ್ಮ ಬೆಳ್ಳಿ ಬಾಯಿನೇ ತೆಗದಿಲ್ಲವ್ವಾ. ಟಾಕಿಗೆ ಬೀಗ ಅದ. ಹನಿ ಎಣ್ಣಿ ಒಳಗ ಹೋಗಿಲ್ಲ. ನಿಂತಲ್ಲೇ ನಿಂತದ.”

ಮುದುಕಿ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಗಾಡಿಗೆ ಹಸಿವಾಗಿದೆ ಎಂಬುದು ಆಕೆಗೆ ತಟ್ಟಿದಷ್ಟು, ಗಾಡಿ ನಿಂತಿದೆ ಎಂಬುದು ತಟ್ಟಿರಲಿಲ್ಲ. ಆಮೇಲೆ ಎದ್ದು, ಎಮ್ಮೆಯನ್ನು ನೆರೆಮನೆಯವರಿಗೆ ಒಪ್ಪಿಸಿ, ಎರಡು ಸೀರೆ ಗಂಟು ಕಟ್ಟಿದಳು.

“ದನ ಮೇವು ಹಿಡಿಯೋ ತನಕ ಮಾರಿದವರು ಹೋಗಿ ಬಾಜೂಕ ಕೂಡಬೇಕು. ಅದು ಪದ್ಧತಿ. ನಡೀರಿ.”

ಮಧ್ಯಾಹ್ನ ಆಳಂದದ ಓಣಿಯಲ್ಲಿ ಮಲ್ಕಮ್ಮ ಮುಚ್ಚಳದ ಬೀಗ ತೆಗೆದು, ಕ್ಯಾನಿನಿಂದ ಪೆಟ್ರೋಲ್ ಹೊಯ್ಯಿಸಿ, ಗಾಡಿಯ ಮೂತಿ ತಟ್ಟಿ, ಕುಡಿ ತಾಯಿ ಎಂದಳು. ರಾತ್ರಿಯೆಲ್ಲ ನಿಂತು ಬ್ಯಾಟರಿ ಇಳಿದಿದ್ದರಿಂದ ಓಣಿಯವರೆಲ್ಲ ಸೇರಿ ತಳ್ಳಿದರು. ಗಾಡಿ ಚಾಲೂ ಆಯಿತು. ತಸ್ಲೀಮಳ ಕೂಸು ಎದ್ದಿತು, ಆದರೆ ಈ ಸಲ ಯಾರೂ ದೂರಲಿಲ್ಲ. ಅಲ್ಲಿಂದ ರಾತ್ರಿಯವರೆಗೂ ರೊಟ್ಟಿ ಬಡಿದರು. ಮಲ್ಕಮ್ಮ ಮೊದಲು ನೋಡುತ್ತ ಕುಳಿತಳು, ಆಮೇಲೆ ಅಂಚು ದಪ್ಪವಾಯಿತು ಎಂದಳು, ಕೊನೆಗೆ ತಡೆಯಲಾರದೆ ತಾನೇ ಹಿಟ್ಟಿಗೆ ಕೈ ಹಾಕಿದಳು.

ಸೋಮವಾರ ಬೆಳಿಗ್ಗೆ ಮುಂದಿನ ಸೀಟಿನಲ್ಲಿ ಮಲ್ಕಮ್ಮ, ಸ್ಟೇರಿಂಗಿನಲ್ಲಿ ಗುರುನಾಥ, ಹಿಂದೆ ಬುಟ್ಟಿಗಳ ನಡುವೆ ಉಳಿದ ಮೂವರು. ಕಡಗಂಚಿಯ ಮೆಸ್ಸಿನ ಮ್ಯಾನೇಜರು ಬುಟ್ಟಿ ಬಿಚ್ಚಿದರು. ಒಂದೂ ಮುರಿದಿರಲಿಲ್ಲ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ನಾಳೆಯಿಂದ ಇದೇ ಹೊತ್ತಿಗೆ ತನ್ನಿ ಎಂದರು. ರಮಾಬಾಯಿ ಮತ್ತೆ ಅತ್ತಳು. ಈ ಸಲ ಖುರ್ಷಿದಬೇಗಂ ಕೂಡ ಕಣ್ಣೊರೆಸಿಕೊಂಡಳು.

ಗೇಟಿನ ಹೊರಗೆ ಮಲ್ಕಮ್ಮ ಗಾಡಿ ಬಂದ್ ಮಾಡಿ ಚಾವಿ ತೆಗೆದು ಸೆರಗಿಗೆ ಗಂಟು ಹಾಕಿದಳು.

“ಬೆಳ್ಳಿ ಮೇವು ಹಿಡೀತು. ಇನ್ನ ನಾ ಬಸ್ಸಿಗೆ ಹೋಗ್ತೇನಿ. ಎಮ್ಮಿ ದಾರಿ ನೋಡ್ತಿರ್ತದ.”

ನಾಳೆಯ ರೊಟ್ಟಿ, ನಾಡಿದ್ದಿನ ರೊಟ್ಟಿ, ವರ್ಷದ ರೊಟ್ಟಿಯೆಲ್ಲ ಆ ಗಂಟಿನೊಳಗಿತ್ತು. ಖುರ್ಷಿದಬೇಗಂ ಬೇಡಲಿಲ್ಲ, ತಲೆ ತಗ್ಗಿಸಿ ಖಾಲಿ ಬುಟ್ಟಿಯ ಹಗ್ಗ ಬಿಗಿಯುತ್ತ ನಿಂತಳು. ಅದನ್ನು ನೋಡಲಾಗದೆ ಲಾಡ್ಲೆಸಾಬ ಮುಂದೆ ಬಂದ. ಅವನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಜನ್ಮದಲ್ಲಿ ಮೊದಲ ಸಲ ಹೊರಗೆ ಬಂತು.

“ಆಯಿ, ನನಗ ಗೊತ್ತಿರಲಿಲ್ರಿ.”

“ಏನು?”

“ಹಗ್ಗದ ಪದ್ಧತಿ. ಪೇಟ್ಯಾಗ ಗೊತ್ತದ ಅಂತ ಸುಮ್ಮನ ಅಂದೆ.”

“ಟುವಾಲಿನ ಕೆಳಗ ಕೈ ಕೊಟ್ರೆಲಾ. ಅದು ಗೊತ್ತಿತ್ತಲ್ಲ?”

“ಅದೂ ಗೊತ್ತಿರಲಿಲ್ರಿ. ಎಷ್ಟು ಬೆರಳು ಹಿಡದೆ ಅಂತ ಈಗಲೂ ಗೊತ್ತಿಲ್ಲ.”

ಖುರ್ಷಿದಬೇಗಂ ತಲೆ ಎತ್ತಿದಳು. ಇಷ್ಟು ವರ್ಷದ ಸಂಸಾರದಲ್ಲಿ ಆಕೆ ಈ ಮಾತನ್ನು ಈ ಬಾಯಿಂದ ಕೇಳಿರಲಿಲ್ಲ. ಆದರೆ ಹೆಚ್ಚು ಬೆಚ್ಚಿದವಳು ಮಲ್ಕಮ್ಮ.

“ಅಂದ್ರ ನಾ ತಿಳೀಲಾರದವನ ಕೈಯಾಗಿಂದ ಜಾಸ್ತಿ ರೊಕ್ಕ ತಗೊಂಡೆ? ಈ ಹೆಣಮಕ್ಕಳು ರೊಟ್ಟಿ ಬಡದು ಕೂಡಿಸಿದ್ದನ್ನ?”

ಟುವಾಲಿನ ಕೆಳಗೆ ಮುಗಿದ ವ್ಯಾಪಾರವನ್ನು ಬಿಚ್ಚಿ ಹಣ ತಿರುಗಿ ಕೊಡುವ ಪದ್ಧತಿಯಿಲ್ಲ, ಅದು ಆಕೆಗೂ ಗೊತ್ತಿತ್ತು. ಇಟ್ಟುಕೊಂಡರೆ ಅನ್ನ ಇಳಿಯುವುದಿಲ್ಲ, ಅದೂ ಗೊತ್ತಿತ್ತು. ಮುದುಕಿ ರಸ್ತೆಯ ಬದಿಯಲ್ಲಿ ಅತ್ತ ಇತ್ತ ನಡೆದಳು. ಬಂದ ಬಸ್ಸನ್ನು ಬಿಟ್ಟಳು. ಗಾಡಿಯ ಮೈ ಮುಟ್ಟಿ ಏನೋ ಗೊಣಗಿದಳು. ಆಮೇಲೆ ಬಂದು ಖುರ್ಷಿದಬೇಗಂಳ ಎದುರು ನಿಂತಳು.

“ನಿನಗ ತೌರಮನಿ ಅದೇನು ಬೇ?”

“ಅಮ್ಮಿ ಅಬ್ಬಾ ಇಬ್ಬರೂ ಹೋಗಿ ಭಾಳ ದಿವಸ ಆತವ್ವಾ.”

“ಕೊಂಡವರಿಗೆ ಹಗ್ಗ ಕೊಡಂಗಿಲ್ಲ,” ಎಂದಳು ಮಲ್ಕಮ್ಮ. “ಆದ್ರ ಮಗಳಿಗೆ ಆಕಳ ಬಳುವಳಿ ಕೊಟ್ರ ಹಗ್ಗದ ಸಂಗಟನೇ ಕೊಡ್ತೇವಿ. ಹಗ್ಗ ಹೋದ್ರೂ ಲಕ್ಷ್ಮಿ ಎಲ್ಲಿ ಹೋಗ್ತಾಳ? ಮಗಳ ಮನ್ಯಾಗೇ ಇರ್ತಾಳ. ಸೆರಗು ತಾ ಇಲ್ಲಿ.”

ತನ್ನ ಗಂಟು ಬಿಚ್ಚಿ ಚಾವಿಯನ್ನು ಖುರ್ಷಿದಬೇಗಂಳ ಸೆರಗಿನ ತುದಿಗೆ ಕಟ್ಟಿ ಎರಡು ಸಲ ಜಗ್ಗಿ ನೋಡಿದಳು. ಖುರ್ಷಿದಬೇಗಂ ಬಗ್ಗಿ ಕಾಲು ಮುಟ್ಟಲು ಹೋದಾಗ ಮುದುಕಿ ಆಕೆಯನ್ನು ಎಬ್ಬಿಸಿ ಎದೆಗೆ ಒತ್ತಿಕೊಂಡಳು. ಗುರುನಾಥ ಆ ಕಡೆ ತಿರುಗಿ ಕನ್ನಡಿ ಒರೆಸತೊಡಗಿದ, ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

“ಮಗಳು ಬಳುವಳಿ ತಗೊಂಡ ಮ್ಯಾಲ ಮೊದಲ ತೌರಿಗೆ ಬಂದು ಉಂಡು ಹೋಗಬೇಕು,” ಎಂದಳು ಮಲ್ಕಮ್ಮ. “ಹತ್ರಿ. ರಮಾಬಾಯಿ, ನೀನೂ ಬಾ ಬೇ. ಇವತ್ತ ಹುಗ್ಗಿ ಮಾಡ್ತೇನಿ.”

ಗುರುನಾಥ ಸ್ಟೇರಿಂಗಿಗೆ ಹೋದ. ಖುರ್ಷಿದಬೇಗಂ ಮುಂದಿನ ಸೀಟಿನಲ್ಲಿ ಹೊಸ ತಾಯಿಯ ಪಕ್ಕಕ್ಕೆ ಒತ್ತಿಕೊಂಡು ಕುಳಿತಳು. ರಮಾಬಾಯಿ ಹಿಂದೆ ಖಾಲಿ ಬುಟ್ಟಿಗಳ ಜೊತೆ ಕಾಲು ಚಾಚಿದಳು. ಲಾಡ್ಲೆಸಾಬ ಪಕ್ಕದ ಬಾಗಿಲು ಸರಿಸಿ ಒಳಗೆ ಕಾಲಿಡಲು ಹೋದ.

“ಅಳಿಯಂದ್ರ, ನಿಲ್ರಿ,” ಎಂದಳು ಮಲ್ಕಮ್ಮ. “ಬಳುವಳಿ ಗಾಡ್ಯಾಗ ಮೊದಲನೇ ಸಲ ಅಳಿಯ ಕೂಡಂಗಿಲ್ಲ. ನೀವು ಹಿಂದಿಂದ ಬಸ್ಸಿಗೆ ಬರ್ರಿ.”

ಇಂಥ ಪದ್ಧತಿ ನಿಜವಾಗಿ ಇದೆಯೋ, ಆಗಷ್ಟೇ ಹುಟ್ಟಿತೋ, ಕೇಳುವ ಧೈರ್ಯ ಲಾಡ್ಲೆಸಾಬನಿಗೆ ಇರಲಿಲ್ಲ. ಖುರ್ಷಿದಬೇಗಂ ಗುರುನಾಥನ ಕಡೆಗೆ ಬಾಗಿ, ಸೆರಗಿನ ಚಾವಿಯನ್ನು ಬಿಚ್ಚದೆಯೇ ತೂತಿಗೆ ಹಾಕಿ ತಿರುವಿದಳು. ಗಾಡಿ ಒಂದೇ ಸಲಕ್ಕೆ ಚಾಲೂ ಆಗಿ, ರಸ್ತೆಗೆ ಹತ್ತಿ, ಧೂಳೆಬ್ಬಿಸಿಕೊಂಡು ಹೋಯಿತು. ಒಳಗಿನಿಂದ ಹೆಂಗಸರ ನಗು ಸ್ವಲ್ಪ ದೂರದ ತನಕ ಕೇಳಿಸಿತು.

ಗೇಟಿನ ಕಾವಲುಗಾರ ಎಲೆ ಅಡಿಕೆ ಮೆಲ್ಲುತ್ತ ಹತ್ತಿರ ಬಂದ.

“ಹಳೀದಾದ್ರೂ ಚೆಂದ ಇಟ್ಟಾರ್ರಿ. ಯಾರ ಗಾಡ್ರಿ ಅದು?”

ಲಾಡ್ಲೆಸಾಬ ಬಸ್ಸು ಬರುವ ದಿಕ್ಕಿಗೆ ನೋಡುತ್ತ ಹೇಳಿದ. “ನಮ್ಮ ಅತ್ತಿಯವರದು.”